ಬೇರಿಲ್ಲದ ಬಳ್ಳಿ, ಬೇರು ಹೀರುವ ಗಂಧ: ಹಿತ್ತಲ ಮದ್ದಿನ ಗಿಡಗಳ ಮೇಲೆ ಬದುಕುವವರ ಚರಿತ್ರೆ

ಅಮೃತಬಳ್ಳಿ ಬೇರೆ, ಅಮರಬಳ್ಳಿ ಬೇರೆ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಏಕೆಂದರೆ ಕೊರೊನಾ ಕಾಲದಿಂದ ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಕಷಾಯದ ಸಂದೇಶಗಳಲ್ಲಿ ಈ ಎರಡೂ ಹೆಸರು ಕಲಸಿಹೋಗಿವೆ.

ಅಮೃತಬಳ್ಳಿಗೆ ಹೃದಯದಾಕಾರದ ಹಸಿರು ಎಲೆ ಇದೆ, ಗಂಟುಗಂಟಾದ ಕಾಂಡ ಇದೆ, ನೆಲದಲ್ಲಿ ಬೇರು ಇದೆ. ಅಮರಬಳ್ಳಿಗೆ ಎಲೆಯೂ ಇಲ್ಲ, ನೆಲದಲ್ಲಿ ಬೇರೂ ಇಲ್ಲ. ಅರಿಶಿನ ಹಚ್ಚಿದ ನೂಲನ್ನು ಯಾರೋ ಬೇಲಿಯ ಮೇಲೆ ಎಸೆದು ಹೋದಂತೆ ಕಾಣುತ್ತದೆ. ಆಡುಸೋಗೆ ಬೇಲಿಯ ಮೇಲೆ, ಬೋರೆ ಗಿಡದ ಮೇಲೆ, ಕೆಲವೊಮ್ಮೆ ತುಳಸಿ ಪಾತಿಯ ಮೇಲೂ ಹಬ್ಬುತ್ತದೆ. ಒಂದು ಗಿಡ ಬೇರಿನಿಂದ ನೀರು ಕುಡಿದು, ಎಲೆಯಲ್ಲಿ ಅಡುಗೆ ಮಾಡಿಟ್ಟರೆ, ಇದು ಬಂದು ಉಣ್ಣುತ್ತದೆ.

ಹಿತ್ತಲಲ್ಲಿ ನಾಲ್ಕು ಮದ್ದಿನ ಗಿಡ ಇಟ್ಟುಕೊಂಡವರ ಮನೆಗೆ ಇಂಥ ಅತಿಥಿಗಳು ಮೂರು ದಾರಿಯಲ್ಲಿ ಬರುತ್ತವೆ. ಮೇಲಿನಿಂದ ಹಕ್ಕಿಯ ಜೊತೆ ಬರುವುದು ಬದನಿಕೆ. ಬೀಜದ ಜೊತೆಗೋ ಕತ್ತರಿಸಿ ಬಿಸಾಡಿದ ತುಂಡಿನ ಜೊತೆಗೋ ಬಂದು ಸುತ್ತಿಕೊಳ್ಳುವುದು ಅಮರಬಳ್ಳಿ. ಮಣ್ಣಿನ ಕೆಳಗೆ ಯಾರಿಗೂ ಕಾಣದಂತೆ ಕೈ ಹಾಕುವುದು, ನಂಬುತ್ತೀರೋ ಇಲ್ಲವೋ, ನಮ್ಮ ಶ್ರೀಗಂಧ.

ಈ ಮೂರರ ಹಿಂದೆಯೂ ದೊಡ್ಡ ಚರಿತ್ರೆ ಇದೆ. ಅದನ್ನು ಓದುತ್ತಾ ಹೋದಾಗ ನಮಗೆ ಒಂದು ವಿಷಯ ಎದ್ದು ಕಂಡಿತು. ಈ ಗಿಡಗಳನ್ನು ಅವುಗಳಷ್ಟಕ್ಕೇ ನೋಡಿದವರು ಪ್ರತಿ ಸಲವೂ ಎಡವಿದ್ದಾರೆ. ಅವು ಕೂತ ಗಿಡವನ್ನು ನೋಡಿದವರಿಗೆ ಮಾತ್ರ ದಾರಿ ಸಿಕ್ಕಿದೆ.

ಮರ ತಿನ್ನುವವಳು

ಸಂಸ್ಕೃತ ಕಲಿಯುವ ಮಕ್ಕಳು ತಲೆತಲಾಂತರದಿಂದ ಬಾಯಿಪಾಠ ಮಾಡಿದ ನಿಘಂಟು ಅಮರಕೋಶ. ಅದರಲ್ಲಿ ಬದನಿಕೆಗೆ ಕೊಟ್ಟಿರುವ ಹೆಸರುಗಳಲ್ಲಿ ವಂದಾ, ವೃಕ್ಷಾದನಿ, ವೃಕ್ಷರುಹಾ ಎಂಬುವು ಸೇರಿವೆ. ವೃಕ್ಷರುಹಾ ಎಂದರೆ ಮರದ ಮೇಲೆ ಬೆಳೆಯುವವಳು. ವೃಕ್ಷಾದನಿ ಎಂದರೆ ಮರವನ್ನು ತಿನ್ನುವವಳು. ಇವಳು ಮರದ ಮೇಲೆ ಸುಮ್ಮನೆ ಕೂತಿಲ್ಲ, ಮರವನ್ನೇ ಉಣ್ಣುತ್ತಿದ್ದಾಳೆ ಎಂಬುದು ಸೂಕ್ಷ್ಮದರ್ಶಕ ಬರುವ ಎಷ್ಟೋ ಶತಮಾನ ಮೊದಲೇ ಇಲ್ಲಿನವರಿಗೆ ಗೊತ್ತಿತ್ತು. ವಂದಾ ಎಂಬ ಮಾತು ಕಿವಿಗೆ ನಮ್ಮ ಬಂದಳಿಕೆ, ಬಂದಣಿಕೆಗಳ ನೆಂಟನ ಹಾಗೇ ಕೇಳುತ್ತದೆ. (ನಮ್ಮ ಬಳಗದಲ್ಲಿ ಬಯಲುಸೀಮೆಯವರೂ ಇದ್ದಾರೆ, ಕರಾವಳಿಯವರೂ ಇದ್ದಾರೆ. ಬದನಿಕೆ ಸರಿಯೋ ಬಂದಳಿಕೆ ಸರಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಲ್ಲಿ ಬದನಿಕೆ ಎಂದೇ ಬರೆಯುತ್ತೇವೆ.)

ಆ ವಂದಾ ಎಂಬ ಹೆಸರಿಗೆ ಆಮೇಲೆ ಒಂದು ವಿಚಿತ್ರ ಗತಿ ಬಂತು. 18ನೇ ಶತಮಾನದ ಕೊನೆಗೆ ಕಲ್ಕತ್ತಾದಲ್ಲಿದ್ದ ನ್ಯಾಯಾಧೀಶ, ಸಂಸ್ಕೃತ ಪಂಡಿತ ವಿಲಿಯಂ ಜೋನ್ಸ್ ಆ ಹೆಸರನ್ನು ಒಂದು ಸೀತಾಳೆ ಗಿಡಕ್ಕೆ ಬಳಸಿದ. ಇವತ್ತಿಗೂ ಆ ಸೀತಾಳೆಗಳ ಕುಲಕ್ಕೆ ಪ್ರಪಂಚದ ತುಂಬ ವಾಂಡಾ ಎಂದೇ ಹೆಸರು. ಆದರೆ ಸೀತಾಳೆ ಪರಾವಲಂಬಿಯೇ ಅಲ್ಲ. ಅದು ಮರದ ಮೇಲೆ ಕೂರುತ್ತದೆ, ಮರವನ್ನು ಕುಡಿಯುವುದಿಲ್ಲ. ಮಳೆ ಮಂಜಿನ ನೀರು, ತೊಗಟೆಯ ಮೇಲಿನ ಕಸ, ಇಷ್ಟೇ ಅದಕ್ಕೆ ಸಾಕು. ಹಾಗಾಗಿ ಹಿತ್ತಲ ಹಲಸಿನ ಮೇಲೆ ಸೀತಾಳೆ ದಂಡೆ ಕಂಡರೆ ಬದನಿಕೆ ಎಂದು ಕಿತ್ತು ಹಾಕಬೇಡಿ. ಬುಡ ನೋಡಿ. ಬದನಿಕೆ ಕೂತ ಜಾಗದಲ್ಲಿ ಕೊಂಬೆ ಗಂಟು ಕಟ್ಟಿ ಊದಿಕೊಂಡಿರುತ್ತದೆ. ಸೀತಾಳೆಯ ಬೇರು ತೊಗಟೆಗೆ ಹೊರಗಿನಿಂದ ಅಂಟಿಕೊಂಡಿರುತ್ತದೆ ಅಷ್ಟೆ.

ತುಳಸಿಯ ನೆಂಟನ ಮೇಲಿನ ನೂಲು

ಅಮರಬಳ್ಳಿ ಜಾತಿಯ ಬಳ್ಳಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಭೂಮಧ್ಯ ಸಮುದ್ರದ ಸುತ್ತಲಿನ ದೇಶಗಳಲ್ಲಿ ಥೈಮ್ ಎಂಬ ಸಣ್ಣ ಪರಿಮಳದ ಗಿಡ ಬೆಳೆಯುತ್ತದೆ, ನಮ್ಮ ತುಳಸಿಯ ಕುಟುಂಬದ್ದೇ. ಆ ಗಿಡದ ಮೇಲೆ ಹಬ್ಬುವ ಬೇರಿಲ್ಲದ ಬಳ್ಳಿಯನ್ನು ಗ್ರೀಕ್ ವೈದ್ಯರು ಎಪಿಥೈಮಾನ್ ಎಂದರು. ಥೈಮ್ ಮೇಲಿರುವುದು ಎಂದು ಅರ್ಥ. 1ನೇ ಶತಮಾನದ ವೈದ್ಯ ಡಯಾಸ್ಕೊರಿಡೀಸ್ ಅದನ್ನು ಒಂದು ಬಗೆಯ ಥೈಮ್ ಗಿಡದ ಹೂವೇ ಎಂಬಂತೆ ಬರೆದಿದ್ದಾನೆ. ಬಳ್ಳಿ ಬೇರೆ, ಗಿಡ ಬೇರೆ ಎಂದು ಕೂಡ ಆತ ಬಿಡಿಸಿ ನೋಡಲಿಲ್ಲ.

ಆ ಗ್ರೀಕ್ ಮಾತು ಅರಬ್ಬೀ ವೈದ್ಯರ ಬಾಯಲ್ಲಿ ಅಫ್ತಿಮೂನ್ ಆಯಿತು. ಯುನಾನಿ ವೈದ್ಯದ ಜೊತೆ ಭಾರತಕ್ಕೆ ಬಂತು. ಇವತ್ತಿಗೂ ಯುನಾನಿ ಔಷಧದ ಅಂಗಡಿಯಲ್ಲಿ ಅಫ್ತಿಮೂನ್ ಎಂದು ಕೇಳಿದರೆ ಕೊಡುವುದು ಒಣಗಿದ ಈ ಜಾತಿಯ ಬಳ್ಳಿಯನ್ನೇ. ಸಸ್ಯಶಾಸ್ತ್ರದಲ್ಲಿ ಈ ಕುಲಕ್ಕಿರುವ ಕಸ್ಕ್ಯೂಟ ಎಂಬ ಹೆಸರೂ ಅರಬ್ಬೀ ಮೂಲದ್ದು.

ಹಳೆಯ ವೈದ್ಯರಿಗೆ ಇದರ ಬಗ್ಗೆ ಒಂದು ಕಟ್ಟಳೆ ಇತ್ತು. ಬಳ್ಳಿ ಯಾವ ಗಿಡದ ಮೇಲಿದೆಯೋ ಆ ಗಿಡದ ಗುಣ ಬಳ್ಳಿಗೆ ಇಳಿಯುತ್ತದೆ, ಆದ್ದರಿಂದ ಎಲ್ಲಿಂದ ಕಿತ್ತದ್ದು ಎಂದು ತಿಳಿಯದ ಬಳ್ಳಿ ಬೇಡ. ಲಂಡನ್ನಿನ ನಿಕೊಲಸ್ ಕಲ್ಪೆಪರ್ 1652ರಲ್ಲಿ ಬರೆದ ಮನೆಮದ್ದಿನ ಪುಸ್ತಕದಲ್ಲೂ ಇದೇ ಮಾತಿದೆ. ಅವನ ಬಗ್ಗೆ ನಮಗೆ ಒಂದಿಷ್ಟು ಹೆಚ್ಚು ಪ್ರೀತಿ. ವೈದ್ಯರೆಲ್ಲ ಲ್ಯಾಟಿನ್‌ನಲ್ಲಿ ಬರೆದು ಜನರಿಂದ ಮದ್ದನ್ನು ಮುಚ್ಚಿಡುತ್ತಿದ್ದ ಕಾಲದಲ್ಲಿ ಆತ ಜನರು ಆಡುವ ಭಾಷೆಯಲ್ಲಿ ಬರೆದು ಅವರ ಸಿಟ್ಟಿಗೆ ಗುರಿಯಾದ.

ನಮ್ಮ ಕಡೆಯೂ ಬದನಿಕೆ ಎಂದರೆ ಯಾವ ಮರದ್ದು ಎಂದು ಕೇಳುವುದು ರೂಢಿ. ಮಾವಿನ ಬದನಿಕೆ ಬೇರೆ, ಬೇವಿನ ಬದನಿಕೆ ಬೇರೆ. ಇಂಥ ನಕ್ಷತ್ರದ ದಿನ ಇಂಥ ಮರದ ಬದನಿಕೆ ತಂದರೆ ದುಡ್ಡು ಬರುತ್ತದೆ, ವ್ಯಾಜ್ಯ ಗೆಲ್ಲುತ್ತೀರಿ ಎಂದು ತಾಯಿತ ಕಟ್ಟುವವರು ಇದೇ ಎಳೆಯನ್ನು ಹಿಡಿದು ಹೊಟ್ಟೆ ಹೊರೆಯುತ್ತಾರೆ. ಆ ಭಾಗವನ್ನು ನಾವು ನಂಬುವುದಿಲ್ಲ. ಆದರೆ ಯಾವ ಮರದ್ದು ಎಂಬ ಪ್ರಶ್ನೆ ಇದೆಯಲ್ಲ, ಅದು ಮೂಢನಂಬಿಕೆಯಲ್ಲ.

ಕರಾವಳಿಯವರಿಗೆ ಇನ್ನೊಂದು ಗೊಂದಲ ಇದೆ. ಕಡಲ ದಂಡೆಯ ಪೊದೆಗಳ ಮೇಲೆ, ಗೇರು ಗಿಡಗಳ ಮೇಲೆ ಹಬ್ಬುವ ಆಕಾಶಬಳ್ಳಿ ನೋಡಲು ಅಮರಬಳ್ಳಿಯ ಅವಳಿಯ ಹಾಗೆ. ಆದರೆ ಸಂಬಂಧವೇ ಇಲ್ಲ. ಇದರ ಕುಟುಂಬ ದಾಲ್ಚಿನ್ನಿಯದು. ಕಾಂಡ ಸ್ವಲ್ಪ ಹಸಿರು, ಹುರಿ ಗಟ್ಟಿ. ಈ ಆಕಾಶವಳ್ಳಿ ಅದೇ ಹೆಸರಿನಿಂದ ಯುರೋಪಿನ ಪುಸ್ತಕಕ್ಕೆ ಹೋಗಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಲ್ಲಿ ಹೊರತಂದ ಹೊರ್ತುಸ್ ಮಲಬಾರಿಕುಸ್‌ನಲ್ಲಿ ಅದರ ಚಿತ್ರ ಇದೆ. ಅದಕ್ಕೆ ಗಿಡಗಳ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಪುಸ್ತಕದ ಮೊದಲಿಗೆ ಅವರ ಕೊಂಕಣಿ ಪ್ರಮಾಣಪತ್ರವೇ ಇದೆ. ನಮ್ಮ ಅಮರಬಳ್ಳಿಗೆ ಶಾಸ್ತ್ರದ ಹೆಸರು ಸಿಗಲು ಇನ್ನೂ ನೂರು ವರ್ಷ ಹಿಡಿಯಿತು. 1798ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ಕರಾವಳಿಯ ಗಿಡಗಳ ಪುಸ್ತಕದಲ್ಲಿ ಚಿತ್ರದ ಸಮೇತ ಅದನ್ನು ಕಸ್ಕ್ಯೂಟ ರಿಫ್ಲೆಕ್ಸಾ ಎಂದು ದಾಖಲಿಸಿದ.

ಕಣಗಿಲೆ ಮೇಲೆ ಕೂತರೆ

ಹಳೆಯ ವೈದ್ಯರ ಕಟ್ಟಳೆಗೆ ಪುರಾವೆ ಸಿಕ್ಕಿದ್ದು 20ನೇ ಶತಮಾನದಲ್ಲಿ. ಕಣಗಿಲೆ ಗಿಡ ನಿಮಗೆಲ್ಲ ಗೊತ್ತು. ಹೂವು ದೇವರಿಗೆ, ಆದರೆ ಎಲೆ ದನ ತಿಂದರೂ ಉಳಿಯುವುದು ಕಷ್ಟ. ಅದರಲ್ಲಿ ಹೃದಯದ ಬಡಿತವನ್ನೇ ತಪ್ಪಿಸುವ ವಿಷ ಇದೆ. 1961ರಲ್ಲಿ ಆಸ್ಟ್ರೇಲಿಯಾದ ಇಬ್ಬರು ರಸಾಯನ ವಿಜ್ಞಾನಿಗಳು ಕಣಗಿಲೆಯ ಮೇಲೆ ಬೆಳೆದ ಬದನಿಕೆಯನ್ನು ಪರೀಕ್ಷಿಸಿದರು. ಕಣಗಿಲೆಯಲ್ಲಿರುವ ಬಗೆಯ ಹೃದಯವಿಷಗಳೇ ಬದನಿಕೆಯಲ್ಲೂ ಇದ್ದವು. 1980ರ ದಶಕದಲ್ಲಿ ಜರ್ಮನಿಯಲ್ಲಿ ಅಮರಬಳ್ಳಿಯನ್ನು ಲೂಪಿನ್ ಎಂಬ ಕಹಿ ದ್ವಿದಳ ಗಿಡದ ಮೇಲೆ ಬೆಳೆಸಿ ನೋಡಿದಾಗ ಅದರ ಕಹಿ ಸತ್ವವೂ ಬಳ್ಳಿಗೆ ಇಳಿದಿತ್ತು.

ಹಿತ್ತಲಿಗೆ ಇದನ್ನು ಅನ್ವಯಿಸಿ ನೋಡಿ. ಬೇಲಿಯಲ್ಲಿ ಕಣಗಿಲೆ ಇದೆ, ಪಕ್ಕದಲ್ಲಿ ಆಡುಸೋಗೆ ಇದೆ, ಒಂದೇ ಬಳ್ಳಿ ಎರಡರ ಮೇಲೂ ಹಬ್ಬಿದೆ. ನೀವು ಕಿತ್ತ ಹಿಡಿ ಯಾವುದರ ರಸ ಕುಡಿದದ್ದು ಎಂದು ಕಣ್ಣಿನಿಂದ ಹೇಳಲು ಸಾಧ್ಯವಿಲ್ಲ. ಅಮರಬಳ್ಳಿ ಕಾಮಾಲೆಗೆ ಒಳ್ಳೆಯದು, ಕೂದಲಿಗೆ ಒಳ್ಳೆಯದು ಎಂಬ ಸಂದೇಶ ಓದಿ ಬೇಲಿಯಿಂದ ಹಿಡಿ ಬಳ್ಳಿ ಕಿತ್ತು ಕುದಿಸಿ ಕುಡಿಯುವವರಿಗೆ ನಾವು ಹೇಳುವುದು ಒಂದೇ ಮಾತು: ಬೇಡ. ಆಯುರ್ವೇದ, ಯುನಾನಿ ಪದವಿ ಓದಿದ ವೈದ್ಯರು ಕೊಟ್ಟರೆ ಅದು ಅವರ ಜವಾಬ್ದಾರಿ. ಬೇಲಿಯ ಬಳ್ಳಿಗೆ ಜವಾಬ್ದಾರಿ ಹೊರುವವರು ಯಾರೂ ಇಲ್ಲ. ಮಗುವಿಗಂತೂ ಕೊಡಲೇಬೇಡಿ. ಯಾರಾದರೂ ಕುಡಿದು ವಾಂತಿ, ತಲೆಸುತ್ತು, ಎದೆಬಡಿತದ ಏರುಪೇರು ಆದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಳ್ಳಿಯ ತುಂಡನ್ನೂ ಅದು ಹಬ್ಬಿದ ಗಿಡದ ಒಂದು ಎಲೆಯನ್ನೂ ಜೊತೆಗೆ ಒಯ್ಯಿರಿ.

ಬದನಿಕೆಯನ್ನು ನೆಡುವ ಹಕ್ಕಿ

ಬದನಿಕೆ ಹೇಗೆ ಬರುತ್ತದೆ ಎಂಬುದನ್ನು ರೋಮನ್ ಬರಹಗಾರ ಪ್ಲಿನಿ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದ. ಅವರ ಸೀಮೆಯ ಬದನಿಕೆಯ ಬೀಜ ಹಕ್ಕಿಯ ಹೊಟ್ಟೆ ದಾಟದೆ ಮೊಳೆಯುವುದಿಲ್ಲ ಎಂದು. ಪೂರ್ತಿ ಸರಿಯಲ್ಲ, ಸಿಪ್ಪೆ ಬಿಡಿಸಿ ಕೊಂಬೆಗೆ ಅಂಟಿಸಿದರೂ ಮೊಳೆಯುತ್ತದೆ. ಆದರೆ ಹಿತ್ತಲಲ್ಲಿ ಅದನ್ನು ಬಿಡಿಸಿ ಅಂಟಿಸುವವರು ಹಕ್ಕಿಗಳೇ ತಾನೇ.

ನಮ್ಮಲ್ಲಿ ಈ ಕೆಲಸ ಮಾಡುವುದು ಹೆಬ್ಬೆರಳಿನಷ್ಟು ಗಾತ್ರದ ಒಂದು ಬೂದು ಹಕ್ಕಿ. ಕನ್ನಡದಲ್ಲಿ ಅದಕ್ಕೆ ಬದನಿಕೆ ಹಕ್ಕಿ ಎಂದೇ ಹೆಸರು. ಸಲೀಂ ಅಲಿ 1931ರಲ್ಲಿ ಮುಂಬೈಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ ಕೊಂಕಣದ ಬದನಿಕೆ ಹಬ್ಬುವುದರಲ್ಲಿ ಈ ಹಕ್ಕಿಯ ಮತ್ತು ಸೂರಕ್ಕಿಯ ಪಾತ್ರದ ಬಗ್ಗೆ ಒಂದು ಲೇಖನ ಬರೆದರು. ಸೂರಕ್ಕಿ ಹೂವಿನ ಜೇನು ಕುಡಿದು ಪರಾಗ ಒಯ್ಯುತ್ತದೆ. ಬದನಿಕೆ ಹಕ್ಕಿ ಹಣ್ಣು ನುಂಗುತ್ತದೆ. ಹಣ್ಣಿನ ತಿರುಳು ಜೀರ್ಣವಾಗುತ್ತದೆ, ಗೋಂದಿನಂತೆ ಅಂಟುವ ಬೀಜ ಸ್ವಲ್ಪ ಹೊತ್ತಿನಲ್ಲೇ ಹೊರಬರುತ್ತದೆ. ಅಂಟು ಬಿಡಿಸಿಕೊಳ್ಳಲು ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ. ಅಲ್ಲಿಗೆ ನಾಟಿ ಮುಗಿಯಿತು. ಬೀಜ ಮೊಳೆತು ತೊಗಟೆ ಸೀಳಿ ಮರದ ನೀರಿನ ನಾಳಕ್ಕೆ ಬಾಯಿ ಇಡುತ್ತದೆ.

ಬದನಿಕೆ ಅರ್ಧ ಕಳ್ಳ ಮಾತ್ರ. ಅದಕ್ಕೆ ಹಸಿರು ಎಲೆ ಇದೆ, ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಕದಿಯುವುದು ಮುಖ್ಯವಾಗಿ ನೀರು ಮತ್ತು ಮಣ್ಣಿನ ಸಾರ. ಆದರೆ ಬೇಸಿಗೆಯಲ್ಲಿ ಮರಕ್ಕೇ ನೀರು ಸಾಲದಿದ್ದಾಗ ಅರ್ಧ ಕಳ್ಳತನವೂ ಭಾರವೇ. ಬದನಿಕೆಯಿಂದ ಆಚೆಗಿನ ಕೊಂಬೆ ಮೊದಲು ಸೊರಗುತ್ತದೆ, ಆಮೇಲೆ ಒಣಗುತ್ತದೆ. ನಮ್ಮ ಸಾಮಾನ್ಯ ಬದನಿಕೆ ಕೂರುವ ಗಿಡಮರಗಳ ಪಟ್ಟಿ 400 ದಾಟುತ್ತದೆ. ಮದ್ದಿನ ಹಿತ್ತಲಿನ ಬೇವು, ದಾಳಿಂಬೆ, ಮಾವು ಎಲ್ಲ ಅದರಲ್ಲಿವೆ.

ಅದನ್ನು ತೆಗೆಯುವುದು ಕಷ್ಟವಲ್ಲ, ಸರಿಯಾದ ಜಾಗದಲ್ಲಿ ಕೊಯ್ಯಬೇಕು ಅಷ್ಟೆ. ಬದನಿಕೆಯನ್ನು ಮಾತ್ರ ಮುರಿದರೆ ಒಳಗಿನ ಹೀರುಬೇರು ಉಳಿದು ಮತ್ತೆ ಚಿಗುರುತ್ತದೆ. ಗಂಟಿನಿಂದ ಕೆಳಗೆ, ಅಂದರೆ ಬುಡದ ಕಡೆಗೆ, ಸುಮಾರು ಒಂದೂವರೆ ಅಡಿ ಬಿಟ್ಟು ಕೊಂಬೆಯನ್ನೇ ಕೊಯ್ಯಿರಿ. ಹಣ್ಣು ಕಟ್ಟುವ ಮುಂಚೆ ಕೊಯ್ದರೆ ಹಕ್ಕಿಗೆ ಹೊಸ ಬೀಜ ಸಿಗುವುದಿಲ್ಲ. ಕಾಂಡಕ್ಕೇ ಹತ್ತಿದ್ದರೆ ಕೊಂಬೆ ಕೊಯ್ಯುವ ದಾರಿ ಇಲ್ಲ. ಪ್ರತಿ ವರ್ಷ ಚಿಗುರು ಒಡೆದು ಹಾಕಿ ದುರ್ಬಲ ಮಾಡುತ್ತಾ ಹೋಗಬೇಕು. ಮೈಲುತುತ್ತ, ಕಳೆನಾಶಕಗಳನ್ನು ಕಾಂಡಕ್ಕೆ ಹಾಕುವ ವಿಧಾನಗಳನ್ನು ದೊಡ್ಡ ತೋಟಗಳಿಗಾಗಿ ಪ್ರಯೋಗ ಮಾಡಿದ್ದಾರೆ. ಎಲೆ, ತೊಗಟೆ, ಚಿಗುರನ್ನು ಔಷಧಕ್ಕೆ ಬಳಸುವ ಗಿಡಕ್ಕೆ ಆ ದಾರಿ ನಮಗೆ ಸರಿ ಕಾಣುವುದಿಲ್ಲ.

ಬೇಲಿಯಾಚೆ ಯಾರಿಗೂ ಬೇಡದ ಮರದಲ್ಲಿ ಒಂದೆರಡು ಬದನಿಕೆ ಇದ್ದರೆ ಬಿಟ್ಟುಬಿಡಿ ಎಂಬುದು ನಮ್ಮ ಅಭಿಪ್ರಾಯ. ಆ ಪುಟ್ಟ ಹಕ್ಕಿಯ ಹೊಟ್ಟೆಪಾಡು ಬಹುಪಾಲು ಆ ಹಣ್ಣಿನ ಮೇಲೆಯೇ ನಿಂತಿದೆ.

ಅಮರಬಳ್ಳಿ ಹಿಡಿದು ಕೊಟ್ಟ ಬೀಜದ ಕಾನೂನು

ಅಮರಬಳ್ಳಿಯ ಕಡೆಗೆ ಇಷ್ಟು ಉದಾರವಾಗಿರಲು ನಮಗೆ ಮನಸ್ಸಿಲ್ಲ. ಇದು ಪೂರ್ತಿ ಕಳ್ಳ.

19ನೇ ಶತಮಾನದ ಯುರೋಪಿನಲ್ಲಿ ದನಗಳಿಗಾಗಿ ಕುದುರೆಮೆಂತ್ಯ ಮತ್ತು ಕ್ಲೋವರ್ ಎಂಬ ಮೇವಿನ ಬೆಳೆ ಜೋರಾಗಿ ಹಬ್ಬಿತು. ಬೀಜದ ವ್ಯಾಪಾರವೂ ಹಬ್ಬಿತು. ಜೊತೆಗೆ ಅಮರಬಳ್ಳಿಯ ದಾಯಾದಿಗಳೂ ಹಬ್ಬಿದವು, ಏಕೆಂದರೆ ಅವುಗಳ ಬೀಜ ಕ್ಲೋವರ್ ಬೀಜದಷ್ಟೇ ಸಣ್ಣದು, ಜರಡಿಗೆ ಸಿಕ್ಕುವುದಿಲ್ಲ. ಮೇವು ಬಿತ್ತಿದ ರೈತ ಹೊಲದಲ್ಲಿ ಹಳದಿ ನೂಲಿನ ಚಾಪೆ ಕೊಯ್ಯುತ್ತಿದ್ದ. ಬೀಜದ ಕಲಬೆರಕೆ ಎಷ್ಟು ಎಂದು ನೋಡಲು ಫ್ರೀಡ್ರಿಷ್ ನೋಬೆ ಎಂಬಾತ 1869ರಲ್ಲಿ ಜರ್ಮನಿಯ ಥರಾಂಟ್‌ನಲ್ಲಿ ಬೀಜ ಪರೀಕ್ಷೆಯ ಕೇಂದ್ರ ತೆರೆದ. ಜಗತ್ತಿನ ಮೊದಲ ಬೀಜ ಪರೀಕ್ಷಾ ಕೇಂದ್ರ ಅದು. ಆಮೇಲೆ ಒಂದು ಜಾಣತನದ ಯಂತ್ರವೂ ಬಂತು. ಅಮರಬಳ್ಳಿ ಜಾತಿಯ ಬೀಜದ ಮೈ ಒರಟು, ಮೇವಿನ ಬೀಜದ ಮೈ ನುಣುಪು. ಎಲ್ಲವನ್ನೂ ಕಬ್ಬಿಣದ ಸಣ್ಣ ಪುಡಿಯಲ್ಲಿ ಹೊರಳಿಸಿದರೆ ಪುಡಿ ಒರಟು ಬೀಜಕ್ಕೆ ಮಾತ್ರ ಅಂಟುತ್ತದೆ. ಅಯಸ್ಕಾಂತದ ಉರುಳೆ ಅದನ್ನು ಎಳೆದುಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಬೀಜ ಕಾಯ್ದೆ ಬಂದದ್ದು 1966ರಲ್ಲಿ. ಇಲ್ಲಿನ ಪ್ರಮಾಣೀಕರಣದ ನಿಯಮಗಳಲ್ಲೂ ಕುದುರೆಮೆಂತ್ಯದ ಬೀಜಕ್ಕೆ ಆಕ್ಷೇಪಾರ್ಹ ಕಳೆ ಎಂದು ಹೆಸರಿಸಿರುವುದು ಕಸ್ಕ್ಯೂಟವನ್ನೇ. ಉತ್ತರ ಅಮೆರಿಕ ಮೂಲದ ಒಂದು ಜಾತಿ ಹೀಗೆಯೇ ಬೀಜದ ಜೊತೆ ಲೋಕವೆಲ್ಲ ಸುತ್ತಿ, ಒಡಿಶಾ ಕಡೆಯ ಹುಚ್ಚೆಳ್ಳು ಹೊಲಗಳಲ್ಲಿ ದೊಡ್ಡ ಪೀಡೆಯಾಗಿ ಕೂತಿದೆ.

ಹಿತ್ತಲಿಗೆ ಈ ಕಾನೂನು ಯಾವುದೂ ಬರುವುದಿಲ್ಲ. ಪಕ್ಕದ ಮನೆಯಿಂದ ಒಂದು ಹಿಡಿ ತುಳಸಿ ಬೀಜ, ಸಂತೆಯಿಂದ ಒಂದು ಪೊಟ್ಟಣ, ನರ್ಸರಿಯ ಸಸಿಯ ಜೊತೆ ಬಂದ ಮಣ್ಣು, ಇಷ್ಟು ಸಾಕು. ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದು. ದನದ ಹೊಟ್ಟೆಯಿಂದ ಸಗಣಿಯಲ್ಲಿ ಜೀವಂತ ಹೊರಬರಬಲ್ಲದು.

ಮೊಳೆತ ಬಳ್ಳಿಗೆ ಮಾತ್ರ ಆಯುಸ್ಸು ಬಹಳ ಕಡಿಮೆ. ಬೀಜದೊಳಗೆ ಕಟ್ಟಿಕೊಂಡು ಬಂದ ಬುತ್ತಿ ಒಂದು ವಾರ, ಹತ್ತು ದಿನಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಗಿಡ ಸಿಗದಿದ್ದರೆ ಸಾಯುತ್ತದೆ. ಹಾಗಾದರೆ ಕಣ್ಣಿಲ್ಲದ ಈ ನೂಲು ಗಿಡವನ್ನು ಹುಡುಕುವುದು ಹೇಗೆ? 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡರು. ವಾಸನೆಯಿಂದ. ಟೊಮೆಟೊ ಗಿಡದ ವಾಸನೆಯ ಕಡೆಗೆ ಮೊಳಕೆ ಬಾಗಿತು. ಗಿಡವೇ ಇಲ್ಲದೆ ಬರೀ ವಾಸನೆಯ ಸಾರ ಇಟ್ಟರೂ ಬಾಗಿತು. ಗೋಧಿ ಮತ್ತು ಟೊಮೆಟೊ ಎರಡನ್ನೂ ಇಟ್ಟಾಗ ಟೊಮೆಟೊ ಕಡೆಗೇ ಹೋಯಿತು, ಗೋಧಿಯ ವಾಸನೆಯಲ್ಲಿರುವ ಒಂದು ವಸ್ತು ಅದನ್ನು ದೂರ ತಳ್ಳುತ್ತಿತ್ತು.

ಹಿತ್ತಲಲ್ಲಿ ಬಳ್ಳಿ ಕಂಡಾಗ ಮಾಡಬೇಕಾದ್ದು ಈ ಬದುಕಿನ ಕ್ರಮದಿಂದಲೇ ಹೊಳೆಯುತ್ತದೆ. ಬಳ್ಳಿಯನ್ನು ಮೇಲಿನಿಂದ ಎಳೆದು ಕಿತ್ತರೆ ಪ್ರಯೋಜನವಿಲ್ಲ, ಕಾಂಡದೊಳಗೆ ಉಳಿದ ಹೀರುಬೇರು ಮತ್ತೆ ಚಿಗುರುತ್ತದೆ. ಕೊನೆಯ ಸುತ್ತಿನಿಂದ ಒಂದು ಗೇಣು ಕೆಳಗೆ, ಗಿಡದ ರೆಂಬೆಯ ಸಮೇತ ಕತ್ತರಿಸಿ. ತುಳಸಿ ಪೂರ್ತಿ ಮುಚ್ಚಿಹೋಗಿದ್ದರೆ ಆ ಗಿಡದ ಆಸೆ ಬಿಡಿ. ಕಷ್ಟವೇ, ಅದರಲ್ಲೂ ಕಟ್ಟೆಯ ತುಳಸಿಯಾದರೆ. ಆದರೆ ಒಂದನ್ನು ಉಳಿಸಲು ಹೋಗಿ ಇಡೀ ಪಾತಿ ಕಳೆದುಕೊಳ್ಳುವುದು ಬೇಡ. ಹಳದಿ ನೂಲಿನ ಮೇಲೆ ಬಿಳಿ ಹೂವಿನ ಗೊಂಚಲು ಕಾಣುವ ಮೊದಲೇ ಈ ಕೆಲಸ ಮುಗಿಯಬೇಕು.

ಕತ್ತರಿಸಿದ್ದನ್ನು ಅಲ್ಲೇ ಚೀಲಕ್ಕೆ ತುಂಬಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ದನಕ್ಕೆ ಹಾಕಬೇಡಿ, ಬೇಲಿಯ ಮೇಲೆ ಬಿಸಾಡಲಂತೂ ಬೇಡಿ. ಗೇಣುದ್ದದ ತುಂಡು ಬೇಲಿಯ ಗಿಡಕ್ಕೆ ತಗುಲಿದರೂ ಅಲ್ಲೇ ಸಂಸಾರ ಹೂಡುತ್ತದೆ. ಮಕ್ಕಳು ಆಟಕ್ಕೆ ಇದನ್ನು ಕಿತ್ತು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ, ಊರೊಳಗೆ ಇದು ಬೇಲಿಯಿಂದ ಬೇಲಿಗೆ ದಾಟುವ ಒಂದು ದಾರಿ ಅದೇ. ಪೂರ್ತಿ ಒಣಗಿಸಿ ಸುಡುವುದೇ ಒಳ್ಳೆಯದು. ಕತ್ತರಿಯನ್ನು ತೊಳೆದು ಮುಂದಿನ ಗಿಡಕ್ಕೆ ಹೋಗಿ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಈ ಬಳ್ಳಿ ಗಿಡದಿಂದ ಗಿಡಕ್ಕೆ ರೋಗವನ್ನೂ ಒಯ್ಯುತ್ತದೆ. ಸಸ್ಯರೋಗ ವಿಜ್ಞಾನಿಗಳು 1940ರ ದಶಕದಿಂದ ಪ್ರಯೋಗಶಾಲೆಯಲ್ಲಿ ಅಮರಬಳ್ಳಿಯ ಜಾತಿಗಳನ್ನು ಸೇತುವೆಯಾಗಿ ಬಳಸಿದ್ದಾರೆ. ರೋಗದ ಗಿಡಕ್ಕೆ ಬಳ್ಳಿಯ ಒಂದು ತುದಿ, ಆರೋಗ್ಯದ ಗಿಡಕ್ಕೆ ಇನ್ನೊಂದು ತುದಿ. ವೈರಸ್ಸು ನಾಳದೊಳಗಿಂದ ದಾಟುತ್ತದೆ.

ಬಳ್ಳಿ ಬಂದುಹೋದ ಪಾತಿಯಲ್ಲಿ ಮುಂದಿನ ಕೆಲವು ವರ್ಷ ಹುಲ್ಲಿನ ಜಾತಿಯದನ್ನು ಹಾಕುವುದು ಮೇಲು. ಮಜ್ಜಿಗೆಹುಲ್ಲು, ಲಾವಂಚ ಎರಡೂ ಮದ್ದಿನ ಗಿಡಗಳೇ, ಮತ್ತು ಹುಲ್ಲಿನ ಜಾತಿಯ ಮೇಲೆ ಈ ಬಳ್ಳಿ ಸಾಮಾನ್ಯವಾಗಿ ನೆಲೆ ನಿಲ್ಲುವುದಿಲ್ಲ. ಮಣ್ಣಿನಲ್ಲಿ ಉಳಿದ ಬೀಜ ಮೊಳೆತು, ಹಿಡಿಯಲು ಏನೂ ಸಿಗದೆ ಸಾಯಲಿ.

ರಾಜವೃಕ್ಷದ ಗುಟ್ಟು

ಈಗ ಮಣ್ಣಿನ ಕೆಳಗಿನವನ ಕಥೆ. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಮರ ಯಾರ ಜಮೀನಿನಲ್ಲಿದ್ದರೂ ಅರಮನೆಗೆ ಸೇರಿದ್ದು. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಪ್ರಜಾಪ್ರಭುತ್ವ ಬಂತು. ಗಂಧದ ಮರದ ಮೇಲಿನ ಸರ್ಕಾರದ ಒಡೆತನ ಮಾತ್ರ ಕದಲಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಕೊರಡು ಕಳಿಸುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸೋಪು ಬಂತು.

ಇಷ್ಟೆಲ್ಲ ಬೆಲೆ ಬಾಳುವ ಮರ ಪರಾವಲಂಬಿ ಎಂದು ಮೊದಲು ಬರೆದವನು ಜಾನ್ ಸ್ಕಾಟ್. ಸ್ಕಾಟ್ಲೆಂಡಿನ ಒಬ್ಬ ತೋಟಗಾರ, ಚಾರ್ಲ್ಸ್ ಡಾರ್ವಿನ್ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದವನು, ಡಾರ್ವಿನ್ ನೆರವಿನಿಂದಲೇ ಭಾರತಕ್ಕೆ ಬಂದವನು. ಕಲ್ಕತ್ತಾದ ಸಸ್ಯೋದ್ಯಾನದಲ್ಲಿ ಕೆಲಸ ಮಾಡುತ್ತಿದ್ದಾಗ ಗಂಧದ ಬೇರು ಪಕ್ಕದ ಗಿಡಗಳ ಬೇರಿಗೆ ಸಣ್ಣ ಗುಬಟಿನಂಥ ಬಾಯಿ ಇಟ್ಟು ಹೀರುವುದನ್ನು 1871ರಲ್ಲಿ ದಾಖಲಿಸಿದ. ಮದ್ರಾಸ್ ಸರ್ಕಾರದ ಸಸ್ಯಶಾಸ್ತ್ರಜ್ಞ ಸಿ. ಎ. ಬಾರ್ಬರ್ 1906-07ರಲ್ಲಿ ಆ ಗುಬಟನ್ನು ಪದರಪದರವಾಗಿ ಬಿಡಿಸಿ ತೋರಿಸಿದ. 1911ರಲ್ಲಿ ಅರಣ್ಯಾಧಿಕಾರಿ ಎಂ. ರಾಮರಾವ್ ಗಂಧ ಯಾವ ಯಾವ ಗಿಡಗಳ ಬೇರಿನಿಂದ ಹೀರುತ್ತದೆ ಎಂದು ಹುಡುಕಿ ಉದ್ದನೆಯ ಪಟ್ಟಿ ಪ್ರಕಟಿಸಿದರು.

ಅಂದರೆ ಅರಮನೆ ಕಾವಲಿಟ್ಟು ಕಾಯ್ದದ್ದು ಗಂಧವನ್ನು. ಗಂಧವನ್ನು ಸಾಕಿದ್ದು ಸುತ್ತಲಿನ ಹೆಸರಿಲ್ಲದ ಪೊದೆ, ಬೇಲಿಗಿಡಗಳು. ಅವಕ್ಕೆ ಕಾವಲೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಗಂಧದ ಸಸಿಯನ್ನು ಒಂಟಿಯಾಗಿ ಕುಂಡದಲ್ಲಿ ಇಟ್ಟು ನೀರು ಗೊಬ್ಬರ ಎಷ್ಟು ಹಾಕಿದರೂ ಅದು ಹಳದಿಯಾಗಿ ಸೊರಗುವುದು ಇದಕ್ಕೇ.

ಹಿತ್ತಲಲ್ಲಿ ಗಂಧ ತಾನಾಗಿಯೇ ಹುಟ್ಟುತ್ತದೆ. ಪಿಕಳಾರ, ಕೋಗಿಲೆಗಳು ಕಪ್ಪು ಹಣ್ಣು ತಿಂದು ಬೀಜ ಉದುರಿಸುತ್ತವೆ. ಅಂಥ ಸಸಿ ಕಂಡರೆ ಹಿರಿಯರು ಸದ್ದಿಲ್ಲದೆ ಕಿತ್ತು ಹಾಕುತ್ತಿದ್ದರು ಎಂಬ ಮಾತು ನಮ್ಮಲ್ಲಿ ಅನೇಕರು ಮನೆಯಲ್ಲಿ ಕೇಳಿದ್ದೇವೆ. ಮರ ನಮ್ಮದಲ್ಲ, ಅದು ಕಳುವಾದರೆ ಪೊಲೀಸರಿಗೆ ಉತ್ತರ ಹೇಳುವವರು ಮಾತ್ರ ನಾವು. ಹಾಗಿರುವಾಗ ಯಾರು ಬೆಳೆಸುತ್ತಾರೆ? 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನಿನ ಒಡೆಯನೇ ಅದರಲ್ಲಿನ ಗಂಧದ ಮರದ ಒಡೆಯ ಎಂದಾಯಿತು. ಟಿಪ್ಪು ಸಾರಿ 209 ವರ್ಷ ಆಗಿತ್ತು. ಕಡಿಯುವುದಕ್ಕೆ, ಸಾಗಿಸುವುದಕ್ಕೆ ಈಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಳ್ಳರ ಭಯವಂತೂ ಕಾಯ್ದೆಯಿಂದ ಹೋಗುವುದಿಲ್ಲ.

ಇನ್ನು ಮದ್ದಿನ ತೋಟದ ಮಾತು. ಹಿತ್ತಲು ವಿಶಾಲವಾಗಿದ್ದು, ಗಂಧದ ಸುತ್ತ ದಾಸವಾಳ, ಕರಿಬೇವು, ನುಗ್ಗೆ, ಬೇಲಿಗಿಡಗಳು ಇದ್ದರೆ ಚಿಂತೆ ಬೇಡ. ಅದು ಹತ್ತಾರು ಬೇರುಗಳಿಂದ ಸ್ವಲ್ಪ ಸ್ವಲ್ಪ ಹೀರುತ್ತದೆ, ಯಾರಿಗೂ ಹೊರೆ ಗೊತ್ತಾಗುವುದಿಲ್ಲ. ಹಿತ್ತಲು ಎರಡು ಮಂಚದಷ್ಟೇ ಇದ್ದು, ಗಂಧದ ಪಕ್ಕ ಇರುವುದು ನಾಲ್ಕು ತುಳಸಿ, ಎರಡು ದೊಡ್ಡಪತ್ರೆ ಮಾತ್ರ ಎಂದರೆ ಆಗ ಆ ನಾಲ್ಕೇ ಗಿಡದ ಮೇಲೆ ಭಾರ ಬೀಳುತ್ತದೆ. ಕಾರಣವಿಲ್ಲದೆ ಸೊರಗುವ ಗಿಡದ ಬುಡ ಮೆಲ್ಲಗೆ ಕೆದಕಿ ನೋಡಿ, ಬೇರಿನ ಮೇಲೆ ಹೊರಗಿನಿಂದ ಬಂದು ಕಚ್ಚಿಕೊಂಡ ಗುಬಟು ಕಾಣಬಹುದು. ಅಂಥ ಕಡೆ ಮದ್ದಿನ ಗಿಡಗಳನ್ನು ಕುಂಡಕ್ಕೋ, ಕಲ್ಲಿನ ಕಟ್ಟೆಗೋ ಎತ್ತಿಡುವುದು ಸುಲಭ. ಗಂಧದ ಬೇರು ಕಡಿಯಲು ಹೋಗಬೇಡಿ.

ಗಂಧವನ್ನು ಬೇಕೆಂದೇ ನೆಡುವವರಿಗೆ ಈಗಿನ ನರ್ಸರಿಗಳು ಸಸಿಯ ಚೀಲದಲ್ಲೇ ಒಂದು ಅನ್ನದಾತ ಗಿಡವನ್ನೂ ಇಟ್ಟು ಕೊಡುತ್ತವೆ. ಕೆಲವರು ತೊಗರಿ ಇಡುತ್ತಾರೆ, ಕೆಲವರು ನಾವು ಸಾರಿಗೆ ಹಾಕುವ ಹೊನಗೊನ್ನೆ ಸೊಪ್ಪಿನ ಗಿಡ ಇಡುತ್ತಾರೆ. ಮನೆಗೆ ತಂದವರು ಕಳೆ ಎಂದು ಅದನ್ನು ಕಿತ್ತು, ಗಂಧವನ್ನು ಮಾತ್ರ ನೆಡುವುದುಂಟು. ಕೀಳಬೇಡಿ, ಎರಡನ್ನೂ ಒಂದೇ ಗುಂಡಿಯಲ್ಲಿ ಇಳಿಸಿ. ಹೊನಗೊನ್ನೆ ಎತ್ತರ ಬೆಳೆದು ಗಂಧಕ್ಕೆ ನೆರಳು ಮಾಡಿದರೆ ತುದಿ ಚಿವುಟಿ, ಸಾರಿಗಾಯಿತು.